ಫ್ರೆಂಚ್ ಸೀಟಿಗೆ ಹಾಕಿದ ಟವೆಲ್

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಸೀರೆಯ ಚಟ. ನನಗೆ ಅರ್ಜಿ ತುಂಬುವ ಚಟ. ಎಲ್ಲಾದರೂ ಖಾಲಿ ಗೆರೆಗಳಿರುವ ಹಾಳೆಯೊಂದು ಕಂಡರೆ ಸಾಕು, ನನ್ನ ಬಲಗೈ ತಾನಾಗಿ ಪೆನ್ನು ಹುಡುಕತೊಡಗುತ್ತದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೊಡುವ ನಾಲ್ಕು ಪುಟದ ಹಾಳೆಯನ್ನು ಜನ ಗೊಣಗಿಕೊಂಡು ತುಂಬುತ್ತಾರೆ. ನಾನು ಮಾತ್ರ ಹಬ್ಬದೂಟದ ಎಲೆಯ ಮುಂದೆ ಕೂತವಳ ಹಾಗೆ, ಒಂದನ್ನೂ ಬಿಡದೆ, ಮೂಲೆಯ ಉಪ್ಪಿನಕಾಯಿಯಿಂದ ಹಿಡಿದು ಪಾಯಸದವರೆಗೆ ಮುಗಿಸುತ್ತೇನೆ.

ಮೊನ್ನೆ ಅಡುಗೆಮನೆಯ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹುಡುಕುತ್ತಿದ್ದಾಗ ಒಂದು ಲಕೋಟೆ ಸಿಕ್ಕಿತು. ಒಳಗೆ ನನ್ನ ಮಗಳು ಅನ್ವಿಯ ಪಾಸ್‌ಪೋರ್ಟ್ ಅಳತೆಯ ಹತ್ತು ಫೋಟೋಗಳಿದ್ದವು. ಐದು ವರ್ಷದ ಮುಖ, ಕ್ಯಾಮೆರಾದ ಮೇಲೆ ಅಪಾರ ಸಿಟ್ಟು. ಒಟ್ಟು ಹನ್ನೆರಡು ತೆಗೆಸಿದ್ದೆ. ಉಳಿದೆರಡು ನಮ್ಮ ಮೇರಿಲ್ಯಾಂಡ್ ಕೌಂಟಿಯ ಶಿಕ್ಷಣ ಕಚೇರಿಯ ಯಾವುದೋ ಕಡತದಲ್ಲಿವೆ. ಈ ದೇಶದಲ್ಲಿ ಶಾಲೆಗೆ ಸೇರಲು ಯಾರೂ ಮಗುವಿನ ಫೋಟೋ ಕೇಳುವುದಿಲ್ಲ. ಹಾಗಿದ್ದರೂ ಅವು ಅಲ್ಲಿಗೆ ಹೋದದ್ದು ಹೇಗೆ ಎಂದು ಹೇಳಬೇಕಾದರೆ ಮೊದಲು ನಮ್ಮಪ್ಪನ ವಿಷಯ ಹೇಳಬೇಕು.

ಅಪ್ಪ ಮೈಸೂರಿನಲ್ಲಿ ನೀರಾವರಿ ಇಲಾಖೆಯ ಗುಮಾಸ್ತರಾಗಿದ್ದರು. ಅವರ ಕಂದು ಬಣ್ಣದ ರೆಕ್ಸಿನ್ ಚೀಲದಲ್ಲಿ ನನ್ನ ಪ್ರತಿಯೊಂದು ದಾಖಲೆಯ ಐದೈದು ಜೆರಾಕ್ಸ್ ಸದಾ ಸಿದ್ಧವಾಗಿರುತ್ತಿದ್ದವು, ಅದೂ ದೃಢೀಕರಿಸಿದ ಪ್ರತಿಗಳು. ದೃಢೀಕರಿಸಲು ಗೆಜೆಟೆಡ್ ಆಫೀಸರೇ ಬೇಕಲ್ಲ, ನಮ್ಮ ಬೀದಿಯ ಕೊನೆಯಲ್ಲಿದ್ದ ಒಬ್ಬರೇ ಒಬ್ಬ ಗೆಜೆಟೆಡ್ ಆಫೀಸರು ಸರ್ಕಾರಿ ಪಶುವೈದ್ಯರು. ಭಾನುವಾರ ಬೆಳಿಗ್ಗೆ ಅವರ ಜಗಲಿಯಲ್ಲಿ ಹಸುವಿನ ಹಗ್ಗ ಹಿಡಿದವರ ಹಿಂದೆ ನಾನೂ ಅಪ್ಪನೂ ಕ್ಯೂ ನಿಲ್ಲುತ್ತಿದ್ದೆವು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತೆರಡು ತೆಗೆದದ್ದು ನಿಜವೆಂದು ಲೋಕಕ್ಕೆ ಸಾರಿದವರು ಎಮ್ಮೆಗಳ ಡಾಕ್ಟರು.

ಅಪ್ಪನ ಜೀವನದರ್ಶನವೆಲ್ಲ ಒಂದು ಟವೆಲಿನಲ್ಲಿತ್ತು. ಸರ್ಕಾರಿ ಬಸ್ಸು ಸ್ಟ್ಯಾಂಡಿಗೆ ತಿರುಗುವಾಗಲೇ ಜೊತೆಯಲ್ಲಿ ಓಡಿ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಟವೆಲ್ ಬಿದ್ದ ಸೀಟು ಟವೆಲಿನವರದ್ದು, ಅದನ್ನು ಮೈಸೂರಿನ ಯಾವ ಪುಂಡನೂ ಪ್ರಶ್ನಿಸುತ್ತಿರಲಿಲ್ಲ. ಒಮ್ಮೆ ನಾವು ಹುಣಸೂರಿಗೆ ಹೋಗಬೇಕಿತ್ತು, ಅಪ್ಪನ ಟವೆಲ್ ಬಿದ್ದದ್ದು ಚಾಮರಾಜನಗರದ ಬಸ್ಸಿನಲ್ಲಿ. ಕಿಟಕಿ ಪಕ್ಕದ ಎರಡು ಒಳ್ಳೆಯ ಸೀಟು. ಇಳಿಯಬೇಕೋ ಬೇಡವೋ ಎಂದು ಅಪ್ಪ ನಿಜವಾಗಿಯೂ ಒಂದು ನಿಮಿಷ ಯೋಚಿಸಿದ್ದರು.

ಇಂಥವರ ಮಗಳು ಸಿಇಟಿ ಕೌನ್ಸೆಲಿಂಗಿಗೆ ಹೋದರೆ ಏನಾಗುತ್ತದೆ? ಪರದೆಯ ಮೇಲೆ ಇನ್‌ಸ್ಟ್ರುಮೆಂಟೇಶನ್ ಎಂಬ ವಿಭಾಗದಲ್ಲಿ ಒಂದು ಸೀಟು ಕಂಡಿತು. ಅದೇನು ಎಂದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. "ತಗೊಂಡ್ಬಿಡು ಮಗಳೇ, ಸೀಟು ಸೀಟೇ," ಎಂದರು. ನಾಲ್ಕು ವರ್ಷ ಓದಿದೆ. ಈಗ ವಿಮಾ ಕಂಪನಿಯೊಂದರ ಸಾಫ್ಟ್‌ವೇರ್ ಪರೀಕ್ಷಿಸುತ್ತೇನೆ. ಆ ಇನ್‌ಸ್ಟ್ರುಮೆಂಟ್ ಯಾವುದೆಂದು ಇವತ್ತಿಗೂ ಪತ್ತೆಯಾಗಿಲ್ಲ.

ಈಗ ಫೋಟೋ ವಿಷಯಕ್ಕೆ ಬರುತ್ತೇನೆ. ಕೋವಿಡ್ಡಿನ ಮಾಸ್ಕ್ ಕಳಚಿ ಒಂದೆರಡು ವರ್ಷವಾಗಿತ್ತು. ಅನ್ವಿಯನ್ನು ಕಿಂಡರ್‌ಗಾರ್ಟನ್‌ಗೆ ಹಾಕಬೇಕು. ನಮ್ಮ ಕೌಂಟಿಯಲ್ಲಿ ಮನೆ ಹತ್ತಿರದ ಸರ್ಕಾರಿ ಶಾಲೆಯಲ್ಲದೆ, ಇಡೀ ದಿನ ಫ್ರೆಂಚಿನಲ್ಲೇ ಪಾಠ ಮಾಡುವ ಒಂದು ಸರ್ಕಾರಿ ಶಾಲೆಯೂ ಇದೆ. ಲೆಕ್ಕವೂ ಫ್ರೆಂಚಿನಲ್ಲಿ, ಗೋಡೆಗೆ ಒರಗಬೇಡ ಎಂದು ಗದರುವುದೂ ಫ್ರೆಂಚಿನಲ್ಲಿ. ಫೀಸಿಲ್ಲ. ಆದರೆ ಸೀಟುಗಳು ಕಡಿಮೆ, ಹಾಗಾಗಿ ಲಾಟರಿ. ಎಲಿಕಾಟ್ ಸಿಟಿಯಲ್ಲಿ ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಕರೆತರುವ ನಮ್ಮ ತಂದೆತಾಯಿಯರ ವಾಟ್ಸಾಪ್ ಗುಂಪಿನಲ್ಲಿ ಜನವರಿಯ ಒಂದು ದಿನ ನಾಗರಾಜ್ ಎಂಬವರು ಅದರ ಲಿಂಕ್ ಹಾಕಿದರು. ಕೆಳಗೆ ಒಂದೇ ಮಾತು: "ಲಾಸ್ಟ್ ಡೇಟ್ ಫ್ರೈಡೇ."

ಕೊನೆಯ ದಿನಾಂಕ ಎಂದರೆ ನನ್ನ ಮೈಮೇಲೆ ಅಪ್ಪ ಬರುತ್ತಾರೆ. ಆ ದಿನವೇ ತುಂಬಿ ಕಳಿಸಿದೆ. ನನ್ನ ಗಂಡ ಶ್ರೀನಿವಾಸ ಟೀ ಕುಡಿಯುತ್ತಾ ಹೆಗಲ ಮೇಲಿನಿಂದ ಇಣುಕಿದರು.

"ಇದಕ್ಕೂ ಅಪ್ಲೈ ಮಾಡಿದ್ಯಾ? ನಮಗೆ ಫ್ರೆಂಚ್ ಯಾಕೆ?"

"ಇರ್ಲಿ ರೀ. ಸಿಗೋದಾದ್ರೆ ಸಿಗ್ಲಿ."

"ಸಿಕ್ಕಿದ್ರೆ ಹೋಮ್‌ವರ್ಕ್ ಯಾರು ಮಾಡಿಸ್ತಾರೆ?"

"ನೀವೇ. ಪಿಯುಸಿಯಲ್ಲಿ ಫ್ರೆಂಚ್ ತಗೊಂಡಿದ್ರಲ್ಲ."

ಅವರು ಬೆಂಗಳೂರಿನ ಕಾಲೇಜಿನಲ್ಲಿ ಮಾರ್ಕ್ಸ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಫ್ರೆಂಚ್ ತೆಗೆದುಕೊಂಡಿದ್ದರು. ತೊಂಬತ್ತೇಳು ಬಂದಿತ್ತು. ಅದರಲ್ಲಿ ಈಗ ಉಳಿದಿರುವುದು ನಮಸ್ಕಾರ ಮತ್ತು ಚೀಸ್, ಈ ಎರಡು ಪದ. ಎರಡನ್ನೂ ಬಹಳ ಧೈರ್ಯವಾಗಿ ಹೇಳುತ್ತಾರೆ.

ಮಾರ್ಚಿನಲ್ಲಿ ಸೀಟು ಬಂತು. ನನಗೆ ಹೆಮ್ಮೆಯಾಗಿದ್ದು ನೋಡಬೇಕಿತ್ತು, ಮಗಳು ಫ್ರಾನ್ಸ್ ದೇಶವನ್ನೇ ಗೆದ್ದು ಬಂದಳೇನೋ ಎಂಬಂತೆ. ಅಪ್ಪನಿಗೆ ಫೋನ್ ಮಾಡಿದೆ. "ತಗೊಂಡ್ಬಿಡು," ಎಂದರು. ಯಾವ ಶಾಲೆ, ಯಾವ ಭಾಷೆ ಎಂದು ಕೇಳಿದ್ದು ಆಮೇಲೆ. ಸಂಜೆ ಆಟದ ಮೈದಾನಕ್ಕೆ ಹೋದಾಗ ಬಾಯಿ ಸುಮ್ಮನಿರಬೇಕಲ್ಲ. ನಮ್ಮ ಸಾಲಿನ ಕೊನೆಯ ಮನೆಯಲ್ಲಿರುವ ಸೊಲಾಂಜ್ ಅವರಿಗೆ ಹೇಳಿಯೇಬಿಟ್ಟೆ.

ಸೊಲಾಂಜ್ ಆಫ್ರಿಕಾದ ಕ್ಯಾಮರೂನಿನ ದುವಾಲಾ ಊರಿನವರು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ನಮ್ಮಿಬ್ಬರ ನಡುವೆ ಅಡುಗೆಯ ಮಾತು ನಡೆಯುತ್ತದೆ. ಅವರು ಕರಿದ ಬಾಳೆಹಣ್ಣು ಕೊಡುತ್ತಾರೆ, ನಾನು ಚಿತ್ರಾನ್ನ ಕೊಡುತ್ತೇನೆ. ಅವರ ಮಗಳು ಎಲೋಡಿಗೂ ಅನ್ವಿಗೂ ಒಂದೇ ವಯಸ್ಸು, ಒಂದೇ ಜಾರುಬಂಡೆಗೆ ಒಂದೇ ಜಗಳ. ನನ್ನ ಸುದ್ದಿ ಕೇಳಿ ಸೊಲಾಂಜ್ ನಕ್ಕು ಅಭಿನಂದನೆ ಹೇಳಿದರು. ಆಮೇಲೆ ಜಾರುಬಂಡೆಯ ಮೇಲಿದ್ದ ಎಲೋಡಿಯತ್ತ ತಿರುಗಿದರು.

"ನಾವೂ ಹಾಕಿದ್ವಿ," ಎಂದರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ, ನಾನು ನಮ್ಮ ಮಾತಿಗೆ ತಂದು ಹೇಳುತ್ತಿದ್ದೇನೆ. "ನಮಗೆ ಬಂದಿಲ್ಲ. ವೇಟಿಂಗ್ ಲಿಸ್ಟಲ್ಲಿ ನಾಲ್ಕನೇ ನಂಬರು."

ಆವತ್ತು ನನಗೆ ಒಂದು ಲೋಕವೇ ತೆರೆಯಿತು. ಫ್ರೆಂಚ್ ಮನೆಮಾತಾದವರು ಈ ಇಂಗ್ಲಿಷ್ ಊರಿನಲ್ಲಿ ಮಕ್ಕಳಿಗೆ ಅದನ್ನು ಉಳಿಸಿಕೊಡಲು ಪಡುವ ಪಾಡನ್ನು ಸೊಲಾಂಜ್ ಒಂದೊಂದಾಗಿ ಹೇಳಿದರು. ವಾಷಿಂಗ್ಟನ್ ಕಡೆ ಖಾಸಗಿ ಫ್ರೆಂಚ್ ಶಾಲೆಯಿದೆ, ಅಲ್ಲಿ ಓದುವವರು ರಾಯಭಾರಿಗಳ ಮಕ್ಕಳು. ಫೀಸು ಕೇಳಿ ಅವರು ಫೋನನ್ನು ಬಹಳ ಮರ್ಯಾದೆಯಿಂದ ಕೆಳಗಿಟ್ಟಿದ್ದರು. ಫ್ರಾನ್ಸಿನಿಂದ ಅಂಚೆಯಲ್ಲಿ ಪಾಠ ತರಿಸಿಕೊಂಡು ಮನೆಯಲ್ಲೇ ಓದಿಸಬಹುದು. ದೊಡ್ಡ ಮಗನಿಗೆ ಆ ಪ್ರಯೋಗ ಮಾಡಿ, ಹನ್ನೆರಡು ಗಂಟೆಯ ಶಿಫ್ಟ್ ಮುಗಿಸಿ ಬಂದು ಕ್ರಿಯಾಪದ ಕಲಿಸಲು ಕೂತು, ಅಮ್ಮನೇ ಮೊದಲು ನಿದ್ದೆಹೋಗುತ್ತಿದ್ದರಂತೆ. ಆ ಮಗ ಈಗ ಹೈಸ್ಕೂಲು, ಫ್ರೆಂಚಿನಲ್ಲಿ ಊಟ ಬೇಕು ಅನ್ನುವುದೊಂದೇ ಬರುತ್ತದೆ. ಇನ್ನು ಚರ್ಚಿನ ಬೇಸ್‌ಮೆಂಟಿನಲ್ಲಿ ತಾಯಂದಿರು ಸೇರಿ ನಡೆಸುವ ಶನಿವಾರದ ತರಗತಿ. ಅಲ್ಲಿ ಮಕ್ಕಳು ಟೀಚರ ಜೊತೆ ಫ್ರೆಂಚ್ ಆಡಿ, ತಿರುಗಿ ತಮ್ಮತಮ್ಮಲ್ಲಿ ಇಂಗ್ಲಿಷ್ ಆಡುತ್ತವೆ, ಬರುವುದು ಕೊನೆಯಲ್ಲಿ ಕೊಡುವ ಬಿಸ್ಕತ್ತಿಗೆ. ನಮ್ಮ ಕನ್ನಡ ತರಗತಿಗೆ ಮಕ್ಕಳು ಬರುವುದು ಸಮೋಸಕ್ಕೆ ಎಂದು ನಾನು ಹೇಳಿದೆ. ಇಬ್ಬರೂ ಚೆನ್ನಾಗಿ ನಕ್ಕೆವು.

ನಗು ನಿಂತಮೇಲೆ ಸೊಲಾಂಜ್ ತಮ್ಮ ತಾಯಿಯ ಮಾತು ತೆಗೆದರು. ದುವಾಲಾದಲ್ಲಿರುವ ಆ ಅಜ್ಜಿಗೆ ಇಂಗ್ಲಿಷ್ ಬರದು. ಪ್ರತಿ ವಾರ ವಿಡಿಯೋ ಕರೆ ಮಾಡುತ್ತಾರೆ. ಮೂರು ವರ್ಷದವಳಿದ್ದಾಗ ಚಟಪಟ ಫ್ರೆಂಚ್ ಆಡುತ್ತಿದ್ದ ಎಲೋಡಿ, ಡೇಕೇರಿಗೆ ಹೋದಮೇಲೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. ಈಗ ಅಜ್ಜಿ ಕರೆ ಮಾಡುವ ಮೊದಲು ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ, ಮೊಮ್ಮಗಳು ಏನು ಹೇಳಿದಳು ಎಂದು ತಿಳಿಯಲು.

"ನನ್ನ ತಾಯಿ ನನ್ನ ಮಗಳ ಜೊತೆ ಮಾತಾಡೋಕೆ ಬಾಡಿಗೆಗೆ ಒಬ್ಬರನ್ನ ಇಟ್ಕೊಂಡ ಹಾಗಾಯ್ತು," ಎಂದರು ಸೊಲಾಂಜ್.

ನಮ್ಮನೆಯಿಂದ ಅಪ್ಪನಿಗೆ ಮಾಡುವ ಭಾನುವಾರದ ಕರೆಯಲ್ಲಿ ಅನ್ವಿಯ ಪಕ್ಕದಲ್ಲಿ ಕೂತು ಅನುವಾದ ಮಾಡುವ ಆ ಕಾಲೇಜು ಹುಡುಗಿ ನಾನೇ. ಆದರೆ ನನ್ನಲ್ಲಿ ಇನ್ನೊಂದು ಸಂಕಟವೂ ಇತ್ತು. ಆ ಮಗುವಿಗೆ ಬೇಕಾಗಿದ್ದ ಸೀಟಿನ ಮೇಲೆ ನನ್ನ ಟವೆಲ್ ಬಿದ್ದಿತ್ತು, ಅದೂ ಚಾಮರಾಜನಗರದ ಬಸ್ಸಿನಲ್ಲಿ.

ಮೂರು ದಿನ ಅನ್ನ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಸೇರಿತು, ರುಚಿಯಾಗಲಿಲ್ಲ. ಕೊನೆಗೆ ನನಗೆ ಒಂದು ಮಹಾ ಉಪಾಯ ಹೊಳೆಯಿತು. ನಮ್ಮ ಕಡೆ ಮೇಷ್ಟ್ರುಗಳು ಪರಸ್ಪರ ಒಪ್ಪಿಗೆಯ ವರ್ಗಾವಣೆ ಮಾಡಿಸಿಕೊಳ್ಳುವುದಿಲ್ಲವೇ? ನೀನು ನನ್ನ ಊರಿಗೆ ಬಾ, ನಾನು ನಿನ್ನ ಊರಿಗೆ ಹೋಗುತ್ತೇನೆ ಎಂದು ಇಬ್ಬರೂ ಅರ್ಜಿ ಕೊಟ್ಟರೆ ಮುಗಿಯಿತು. ಹಾಗೆಯೇ ಅನ್ವಿಯ ಸೀಟು ಎಲೋಡಿಗೆ. ಕೂತು ಬರೆದೆ. ಯಾರಿಂದ, ಯಾರಿಗೆ, ವಿಷಯ, ಉಲ್ಲೇಖ, ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಎಲ್ಲವೂ ಸಾಕ್ಷಾತ್ ಇಂಗ್ಲಿಷಿನಲ್ಲಿ. ಕೆಳಗೆ ಲಗತ್ತುಗಳ ಪಟ್ಟಿ. ಅರ್ಜಿ ಎಂದಮೇಲೆ ಫೋಟೋ ಇಲ್ಲದೆ ಹೇಗೆ? ಅಂಗಡಿಗೆ ಕರೆದೊಯ್ದು ಅನ್ವಿಯ ಫೋಟೋ ತೆಗೆಸಿ, ಎರಡನ್ನು ಅಂಟಿಸಿ, ಸ್ವತಃ ಶಿಕ್ಷಣ ಕಚೇರಿಗೆ ಒಯ್ದು ಕೊಟ್ಟುಬಂದೆ.

ಎರಡು ದಿನದ ಮೇಲೆ ಕಚೇರಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಒಳ್ಳೆಯ ದನಿ.

"ಮೇಡಂ, ನಿಮ್ಮ ಪತ್ರ ನಮ್ಮ ಆಫೀಸಲ್ಲಿ ಎಲ್ರೂ ಓದಿದ್ವಿ. ಈ ಫೋಟೋ ಯಾಕೆ ಅಂತ ಕೇಳಬಹುದಾ?"

"ಗುರುತಿಗೆ," ಎಂದೆ.

"ಮಗು ಬಹಳ ಮುದ್ದಾಗಿದೆ. ಆದರೆ ಸೀಟನ್ನ ಒಬ್ಬರಿಗೆ ಅಂತ ಬಿಟ್ಟುಕೊಡೋಕಾಗಲ್ಲ. ನೀವು ಬಿಟ್ಟರೆ ಅದು ಲಿಸ್ಟಲ್ಲಿ ಮೊದಲನೆಯವರಿಗೆ ಹೋಗುತ್ತೆ."

ಸೊಲಾಂಜ್ ನಾಲ್ಕನೆಯವರು. ಅಂದರೆ ನಾಲ್ಕು ಸೀಟು ಖಾಲಿಯಾಗಬೇಕು. ನಮ್ಮ ಗುಂಪಿನಲ್ಲಿ ಕೇಳಿನೋಡಿದೆ, ಲಾಟರಿ ಯಾರ್ಯಾರಿಗೆ ಬಂದಿದೆ ಎಂದು. ಬಂದ ಉತ್ತರ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನನ್ನು ಬಿಟ್ಟು ಇನ್ನೂ ಮೂರು ಮನೆಯವರು ಸೀಟು ಹಿಡಿದು ಕೂತಿದ್ದರು. ಮೂವರಿಗೂ ಫ್ರೆಂಚಿಗೂ ಸ್ನಾನಸೂತಕವಿಲ್ಲ. ಒಬ್ಬರು ಬೇಸಿಗೆಯಲ್ಲಿ ವರ್ಜೀನಿಯಾದ ಆಶ್‌ಬರ್ನ್‌ಗೆ ಮನೆ ಬದಲಿಸುವವರು, ಆದರೂ ಇರಲಿ ಎಂದು ಇಟ್ಟುಕೊಂಡಿದ್ದರು. ಇನ್ನೊಬ್ಬರು ಹತ್ತಿರದ ಶಾಲೆಗೂ ಹೆಸರು ಬರೆಸಿದ್ದರು. ಮೂರನೆಯವರು ನಾಗರಾಜ್, ಅವರ ಮಗನಿಗೆ ಖಾಸಗಿ ಶಾಲೆಯಲ್ಲಿ ಹಣ ಕಟ್ಟಿಯಾಗಿತ್ತು, ಫ್ರೆಂಚ್ ಸೀಟು ಬ್ಯಾಕಪ್ಪಂತೆ.

ಮುಂದಿನ ಭಾನುವಾರ ಕನ್ನಡ ತರಗತಿ ನಡೆಯುವ ಕಟ್ಟಡದ ಪಾರ್ಕಿಂಗಿನಲ್ಲಿ ಮೂವರನ್ನೂ ಹಿಡಿದು ಎಲೋಡಿಯ ಅಜ್ಜಿಯ ವಿಷಯ ಹೇಳಿದೆ. ಎಲ್ಲರೂ ಅಯ್ಯೋ ಪಾಪ ಎಂದರು. ಯಾರೂ ಬಿಡುತ್ತೇನೆ ಎನ್ನಲಿಲ್ಲ.

"ನೀವು ಬಿಟ್ರಾ?" ಎಂದು ಆಶ್‌ಬರ್ನಿನವರು ಕೇಳಿದರು.

"ಬಿಡ್ತೀನಿ. ನೀವು ಬಿಟ್ಟ ತಕ್ಷಣ."

ಹೇಳಿದಮೇಲೆ ನನಗೇ ನಾಚಿಕೆಯಾಯಿತು. ಇನ್ನೊಬ್ಬರ ಟವೆಲ್ ತೆಗೆಸಲು ಬಂದವಳು ನನ್ನದನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ನಿಜ ಹೇಳುತ್ತೇನೆ, ಅನ್ವಿ ಫ್ರೆಂಚಿನಲ್ಲಿ ಪದ್ಯ ಹೇಳುವುದನ್ನು ಆಗಲೇ ನಾಲ್ಕಾರು ಸಲ ಮನಸ್ಸಿನಲ್ಲಿ ಕೇಳಿ ಖುಷಿಪಟ್ಟಿದ್ದೆ. ನನ್ನ ಮಗಳಿಗೆ ನ್ಯಾಯವಾಗಿ ಬಂದದ್ದನ್ನು ನಾನೇ ಕಿತ್ತುಕೊಳ್ಳುತ್ತಿದ್ದೇನೇನೋ ಎಂದೂ ಅನಿಸಿತು. ಆದರೂ ಅಲ್ಲೇ ಫೋನ್ ತೆಗೆದೆ. ಸೀಟು ಬೇಡ ಎಂಬ ಗುಂಡಿ ಒತ್ತಿದೆ. ಖಚಿತವೇ ಎಂದು ಕೇಳಿತು. ಮತ್ತೆ ಒತ್ತಿದೆ. ಬದುಕಿನಲ್ಲಿ ಮೊದಲ ಸಲ ಸಿಕ್ಕ ಸೀಟು ಬಿಟ್ಟಿದ್ದೆ.

ಅದನ್ನು ನೋಡಿ ಮೊದಲಿಬ್ಬರು ಗೊಣಗುತ್ತಾ ತಮ್ಮ ಫೋನ್ ತೆಗೆದರು. ನಾಗರಾಜ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಮೇಡಂ, ಸೆಪ್ಟೆಂಬರ್ ತನಕ ಇರ್ಲಿ. ಆಮೇಲೆ ಡಿಸೈಡ್ ಮಾಡೋಣ. ಏನಾಗುತ್ತೋ ಯಾರಿಗೆ ಗೊತ್ತು."

ಅಷ್ಟರಲ್ಲಿ ಅವರ ಕಾರಿನ ಹಿಂದಿನ ಬಾಗಿಲು ತೆರೆಯಿತು. ಒಳಗೆ ಅವರ ತಾಯಿ ಕೂತಿದ್ದರು, ಆರು ತಿಂಗಳಿಗೆಂದು ಮೈಸೂರಿನಿಂದ ಬಂದವರು. ಸ್ವೆಟರು, ಮಫ್ಲರು, ಕೈಯಲ್ಲಿ ಬಿಡಿಸಿದ ಕಿತ್ತಳೆ. ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದರು.

"ಲೋ ನಾಗೂ, ನೀನು ಆ ಸ್ಕೂಲಿಗೆ ಮಗೂನ ಕಳಿಸ್ತೀಯೇನೋ?"

"ಇಲ್ಲಮ್ಮ, ಅದು ಬ್ಯಾಕಪ್."

"ಕೂತ್ಕೊಳ್ಳದ ಸೀಟಿಗೆ ಟವೆಲ್ ಯಾಕೋ ಹಾಕಿದ್ದೀಯ? ತೆಗಿ."

"ಅಮ್ಮ, ನಿಂಗಿದೆಲ್ಲ ಗೊತ್ತಾಗಲ್ಲ."

"ಗೊತ್ತಾಗುತ್ತೆ ಕಣೋ. ನಾನು ಬಂದು ನಾಲ್ಕು ತಿಂಗಳಾಯ್ತು. ನಿನ್ನ ಮಗ ನನ್ನ ಹತ್ರ ಹಾಯ್ ಅಜ್ಜಿ, ಬಾಯ್ ಅಜ್ಜಿ ಬಿಟ್ರೆ ಇನ್ನೊಂದು ಮಾತಾಡಿಲ್ಲ. ಆ ಅಜ್ಜಿಗಾದ್ರೂ ಮೊಮ್ಮಗಳು ಸಿಗ್ಲಿ."

ನಾಗರಾಜ್ ಫೋನನ್ನು ತಾಯಿಯ ಕೈಗೇ ಕೊಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿದರು. ಆಕೆ ಕಿತ್ತಳೆ ರಸದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದರು. ಆಮೇಲೆ ನನಗೂ ಎರಡು ತೊಳೆ ಕೊಟ್ಟರು.

ಪಟ್ಟಿ ಕೂಡಲೇ ಸರಿಯಲಿಲ್ಲ. ಕಚೇರಿಯವರು ಒಬ್ಬೊಬ್ಬರನ್ನೇ ಕೇಳಬೇಕು, ಅವರು ಒಪ್ಪಲು ದಿನ ತೆಗೆದುಕೊಳ್ಳಬೇಕು. ಸೊಲಾಂಜ್ ಅವರಿಗೆ ನಾನು ಏನನ್ನೂ ಹೇಳಿರಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಅವರು ಆಸ್ಪತ್ರೆಯ ಬಟ್ಟೆಯಲ್ಲೇ ನಮ್ಮ ಬಾಗಿಲು ಬಡಿದು, ಸೀಟು ಬಂತು ಎಂದು ನನ್ನನ್ನು ಅಪ್ಪಿಕೊಂಡು ಎತ್ತಿಯೇಬಿಟ್ಟರು. "ಇಬ್ಬರೂ ಒಂದೇ ಕ್ಲಾಸು," ಎಂದರು. ಆಗ ಅನ್ವಿಯ ಸೀಟು ಬಿಟ್ಟ ವಿಷಯ ಹೇಳಲೇಬೇಕಾಯಿತು. ಅವರು ನನ್ನನ್ನು ಕೆಳಗಿಳಿಸಿ, ಎರಡೂ ಕೈಯಿಂದ ನನ್ನ ಮುಖ ಹಿಡಿದು, ತಮ್ಮ ಭಾಷೆಯಲ್ಲಿ ಏನೇನೋ ಹೇಳಿದರು. ಹಿಂದಿನಿಂದ ನನ್ನ ಗಂಡ ಧೈರ್ಯವಾಗಿ ಫ್ರೆಂಚಿನಲ್ಲಿ ನಮಸ್ಕಾರ ಎಂದರು. ಪುಣ್ಯಕ್ಕೆ ಚೀಸ್ ಅನ್ನಲಿಲ್ಲ.

ಅನ್ವಿ ಮನೆ ಹತ್ತಿರದ ಶಾಲೆಗೇ ಸೇರಿದಳು. ಎಲೋಡಿ ಹಳದಿ ಬಸ್ಸು ಹತ್ತಿ ಊರಾಚೆಗೆ ಹೋಗತೊಡಗಿದಳು. ಮೊದಮೊದಲು ಆ ಬಸ್ಸು ಕಂಡಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ದಾನ ಕೊಟ್ಟಮೇಲೆ ಮರೆತುಬಿಡಬೇಕು ಎಂದು ದೊಡ್ಡವರು ಹೇಳುತ್ತಾರೆ, ಆದರೆ ಕೊಟ್ಟದ್ದು ದಿನಾ ಎಂಟೂ ಹತ್ತಕ್ಕೆ ಮನೆ ಮುಂದೆ ಹಾರ್ನ್ ಹೊಡೆದರೆ ಮರೆಯುವುದು ಹೇಗೆ?

ಸೊಲಾಂಜ್ ಅವರ ಶಿಫ್ಟ್ ಇರುವ ದಿನಗಳಲ್ಲಿ ಎಲೋಡಿ ಸಂಜೆ ನಮ್ಮನೆಯಲ್ಲಿರುತ್ತಾಳೆ. ಫೆಬ್ರವರಿಯ ಒಂದು ದಿನ ಇಬ್ಬರು ಹುಡುಗಿಯರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ದುವಾಲಾದಿಂದ ಅವಳ ಟ್ಯಾಬ್ಲೆಟ್ಟಿಗೆ ಕರೆ ಬಂತು. ಪರದೆಯಲ್ಲಿ ಅಜ್ಜಿ, ತಲೆಗೆ ದೊಡ್ಡ ಹೂವಿನ ಬಟ್ಟೆ. ಪಕ್ಕದ ಕುರ್ಚಿ ಖಾಲಿಯಿತ್ತು. ಅಜ್ಜಿ ಏನೋ ಕೇಳಿದರು. ಎಲೋಡಿ ತಡವರಿಸಿ ಉತ್ತರ ಕೊಟ್ಟಳು. ಅಜ್ಜಿ ತಟ್ಟೆಯತ್ತ ಬೆರಳು ತೋರಿಸಿ ಮತ್ತೇನೋ ಹೇಳಿದರು. ಎಲೋಡಿ ಮೆಣಸಿನಕಾಯಿಯನ್ನೂ ಕರಿಬೇವನ್ನೂ ಎತ್ತಿ ಪಕ್ಕಕ್ಕಿಟ್ಟಿದ್ದಳು. ಅಜ್ಜಿಯ ದನಿ ಏರಿತು. ಇವಳ ದನಿಯೂ ಏರಿತು. ಅಜ್ಜಿ ಎರಡು ಹೇಳಿದರೆ ಇವಳು ಮೂರು ಹೇಳಿದಳು, ಚಮಚ ಅಲ್ಲಾಡಿಸುತ್ತಾ, ಉಸಿರು ತೆಗೆದುಕೊಳ್ಳಲು ಮಾತ್ರ ನಿಲ್ಲಿಸುತ್ತಾ. ನನಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೆ ಅಜ್ಜಿ ಮೊಮ್ಮಗಳ ಜಗಳ ತಿಳಿಯಲು ಅಕ್ಷರ ಬೇಕಾಗುವುದಿಲ್ಲ. ಅನ್ವಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು.

ಆರೂವರೆಗೆ ಸೊಲಾಂಜ್ ಬಂದರು. ಬಾಗಿಲಲ್ಲೇ ಹೇಳಿದೆ.

"ನಿಮ್ಮ ಮಗಳು ಇವತ್ತು ಅಜ್ಜಿಗೆ ಎದುರು ಮಾತಾಡಿದ್ಲು."

"ಇಂಗ್ಲಿಷಿನಲ್ಲಾ?"

"ಇಲ್ಲ. ಪೂರ್ತಿ ನಿಮ್ಮ ಭಾಷೇಲಿ. ಹತ್ತು ನಿಮಿಷ."

ಅವರು ಬೂಟು ಕಳಚುತ್ತಿದ್ದವರು ಹಾಗೆಯೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನಮ್ಮಮ್ಮನಿಗೆ ಸಿಟ್ಟು ಬಂತಾ?" ಎಂದು ಕೇಳಿದರು.

"ತುಂಬಾ. ಕೊನೆಗೆ ನಗ್ತಾ ನಗ್ತಾ ಬೈತಿದ್ರು."

ಸೊಲಾಂಜ್ ಅಂಗೈಯಿಂದ ಕಣ್ಣೊರೆಸಿಕೊಂಡರು. ಆಮೇಲೆ ಎದ್ದು, ಮುಖ ಗಂಟುಹಾಕಿಕೊಳ್ಳಲು ಎರಡು ಸಲ ಪ್ರಯತ್ನಿಸಿ, ಆಗದೆ, ಹಾಗೆಯೇ ಒಳಗೆ ಹೋದರು, ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ಮಗಳಿಗೆ ಬುದ್ಧಿ ಹೇಳಲು.